ಆರೈಕೆ ಮಾಡುವವರ ವ್ಯಾಯಾಮ
ಬೆಂಗಳೂರಿನ ಶಿವಾಜಿನಗರದ ಬೌರಿಂಗ್ ಮತ್ತು ಲೇಡಿ ಕರ್ಜನ್ ಆಸ್ಪತ್ರೆಯಂತಹ ಕಡೆ ಪಾಳಿಯುದ್ದಕ್ಕೂ ನಿಂತು, ನಡೆದು, ರೋಗಿಗಳನ್ನು ಎತ್ತಿ ಮಲಗಿಸುವ ಶುಶ್ರೂಷಕರಿಗೆ ಬೇರೆ ವ್ಯಾಯಾಮವೇಕೆಂಬ ಪ್ರಶ್ನೆ ಸಹಜವಾದರೂ, ದುಡಿಮೆಯ ದಣಿವೂ ವ್ಯಾಯಾಮವೂ ಒಂದೇ ಅಲ್ಲ. ಬಿಡುವಿಲ್ಲದೆ ಬಾಗಿ ಭಾರ ಎತ್ತುವ ಕೆಲಸ ಸೊಂಟವನ್ನು ಸವೆಸಿದರೆ, ಎದೆಬಡಿತವನ್ನು ಕೆಲಕಾಲ ಏರಿಸಿ ಬಳಿಕ ವಿಶ್ರಾಂತಿ ಕೊಡುವ ಚಟುವಟಿಕೆ ಹೃದಯವನ್ನು ಬಲಪಡಿಸುತ್ತದೆ. ವಿಶ್ವ ಆರೋಗ್ಯ ಸಂಸ್ಥೆಯ 2020ರ ಮಾರ್ಗಸೂಚಿಯು ವಯಸ್ಕರಿಗೆ ವಾರಕ್ಕೆ 150ರಿಂದ 300 ನಿಮಿಷಗಳ ಮಧ್ಯಮ ತೀವ್ರತೆಯ, ಎಂದರೆ ಮಾತನಾಡಬಹುದಾದರೂ ಹಾಡಲು ಉಸಿರು ಸಾಲದಷ್ಟು ಬಿರುಸಿನ, ಚಟುವಟಿಕೆಯನ್ನೂ ಕನಿಷ್ಠ ಎರಡು ದಿನ ಸ್ನಾಯುಬಲದ ವ್ಯಾಯಾಮವನ್ನೂ ಸೂಚಿಸುತ್ತದೆ. ರಾತ್ರಿ ಪಾಳಿ ಮುಗಿದ ಮುಂಜಾನೆ ನಿದ್ರೆಯೇ ಮೊದಲ ಅಗತ್ಯವಾದ್ದರಿಂದ, ಹತ್ತಿರದ ಉದ್ಯಾನದಲ್ಲಿನ ಬಿರುಸಿನ ನಡಿಗೆಯನ್ನು ಸಂಜೆಗೆ ಇಟ್ಟುಕೊಳ್ಳುವುದು ಲೇಸು. ನರ್ಸಿಂಗ್ ವಿದ್ಯಾರ್ಥಿಗಳು ಕಲಿಕೆಯ ವರ್ಷಗಳಲ್ಲೇ ಇಂತಹ ವ್ಯಾಯಾಮವನ್ನು ರೂಢಿಸಿಕೊಂಡರೆ, ಮುಂದೆ ಪಾಳಿ ಬದಲಾದರೂ ಅಭ್ಯಾಸ ತಪ್ಪದು.