ಕೆಟ್ಟಿದ್ದು ಕನ್ನಡವಲ್ಲ, ಕೀಲಿಯ ಲೆಕ್ಕ!

(ನಿಡಗುಂದಿಯಲ್ಲಿ, ರಜೆಗೆಂದು ಊರಿಗೆ ಬಂದಿದ್ದ ತರುಣರ ಎದುರು ಆಡಿದ ಮಾತಿನ ಬರಹರೂಪ)



ನಿಮ್ಮಲ್ಲಿ ಬಹಳಷ್ಟು ಮಂದಿ ಬೆಂಗಳೂರು, ಪುಣೆ ಅಂತ ಊರು ಬಿಟ್ಟು ಹೋಗಿ ಗಣಕದ ಮುಂದೆ ಕೂತು ಅನ್ನ ದುಡಿಯುವವರು. ಆದ್ದರಿಂದ ಇವತ್ತು ನಾನು ಬಾವುಟದ ಮಾತು ಆಡುವುದಿಲ್ಲ. ಕೀಲಿಮಣೆಯ ಮಾತು ಆಡುತ್ತೇನೆ. ಬೇಸರವಾದರೆ ಎದ್ದು ಹೋಗಿ, ಆದರೆ ಅರ್ಧ ಕೇಳಿ ಹೋಗಬೇಡಿ.

ಈಗ ತಾನೇ ಚಹಾ ಕುಡಿಯುವಾಗ ಒಬ್ಬ ಹುಡುಗ ಹೇಳಿದ: "ಸರ, ಕೋಡ್ ಬರಿಯೋ ಎಡಿಟರ್ ಮೂಲದಿಂದ ನಾನಾ ಕಟ್ಟಿಕೊಂಡೀನ್ರಿ. ಆದ್ರ ಕನ್ನಡ ಕೀಲಿಮಣಿ ಹಾಕಿದ್ರ ಕಂಟ್ರೋಲ್ ಎಸ್ ನಡಿಯಂಗಿಲ್ರಿ, ಕಂಟ್ರೋಲ್ ಸಿ ನಡಿಯಂಗಿಲ್ರಿ. ಅದಕ್ಕ ಕನ್ನಡ ತಗದುಬಿಟ್ಟೆ."

ಕನ್ನಡ ತೆಗೆದುಬಿಟ್ಟೆ! ಎಷ್ಟು ಸಲೀಸಾಗಿ ಅಂದ ನೋಡಿ. ಅವನ ಮೇಲೆ ನನಗೆ ಸಿಟ್ಟಿಲ್ಲ. ಲಕ್ಷಾಂತರ ಸಾಲಿನ ತಂತ್ರಾಂಶವನ್ನು ಮೂಲದಿಂದ ಕಟ್ಟುವ ತಾಕತ್ತಿರುವ ಹುಡುಗ. ಆದರೆ ಒಂದು ಕೀಲಿ ಕೈಕೊಟ್ಟ ಕೂಡಲೇ ಅವನ ಮನಸ್ಸಿಗೆ ಬಂದದ್ದೇನು? ತಪ್ಪು ಕನ್ನಡದ್ದು ಅಂತ. ಎಡಿಟರ್ ತಪ್ಪಿರಬಹುದು ಅಂತ ಅನಿಸಲೇ ಇಲ್ಲ. ಇದಕ್ಕೇ ಸ್ವಾಮಿ ನಾವು ಕೀಳರಿಮೆ ಅನ್ನುವುದು.

ಒಳಗೆ ಏನು ನಡೆಯುತ್ತದೆ ಕೇಳಿ. ನೀವು ಕೀಲಿ ಒತ್ತಿದಾಗ ಕೀಲಿಮಣೆ ಅಕ್ಷರ ಕಳಿಸುವುದಿಲ್ಲ, ಸಂಖ್ಯೆ ಕಳಿಸುತ್ತದೆ. ಲಿನಕ್ಸಿನಲ್ಲಿ ಸಿ ಕೀಲಿಯ ಸಂಖ್ಯೆ 46. ಎಕ್ಸ್ ವ್ಯವಸ್ಥೆ ಅದಕ್ಕೆ 8 ಕೂಡಿಸಿ 54 ಅನ್ನುತ್ತದೆ. ಆಮೇಲೆ ಕೀಲಿಮಣೆಯ ವಿನ್ಯಾಸ ಬಂದು ಆ ಸಂಖ್ಯೆಗೆ ಅಕ್ಷರ ಕೊಡುತ್ತದೆ. ಇಂಗ್ಲಿಷ್ ವಿನ್ಯಾಸವಿದ್ದರೆ ಅದು ಸಿ. ನಮ್ಮ ಕೆ.ಪಿ. ರಾವ್ ವಿನ್ಯಾಸವಿದ್ದರೆ ಚ. ಇನ್‌ಸ್ಕ್ರಿಪ್ಟ್ ಇದ್ದರೆ ಮ. ಸಂಖ್ಯೆ ಮಾತ್ರ ಅದೇ 54.

ನಿಮ್ಮ ಆಲಮಟ್ಟಿ ಅಣೆಕಟ್ಟು ನೆನಪಿಸಿಕೊಳ್ಳಿ. ಅಲ್ಲಿ 26 ಗೇಟುಗಳಿವೆ. ಹನ್ನೆರಡನೆಯ ಗೇಟು ಎತ್ತು ಅಂದರೆ ಯಾವ ಭಾಷೆಯಲ್ಲಿ ಅಂದರೂ ಹನ್ನೆರಡನೆಯದೇ ಏಳಬೇಕು. "ಟ್ವೆಲ್ವ್ ಅಂದರೆ ಮಾತ್ರ ಎತ್ತುತ್ತೇನೆ" ಅಂತ ಒಬ್ಬ ಕೂತರೆ ತಪ್ಪು ಗೇಟಿನದೇ? ನೀರಿನದೇ? ಕೆಲವು ಎಡಿಟರುಗಳು ಮಾಡುವುದು ಇದನ್ನೇ. ಕಂಟ್ರೋಲ್ ಜೊತೆಗೆ ಲ್ಯಾಟಿನ್ ಸಿ ಬಂತೇ ಅಂತ ನೋಡುತ್ತವೆ. ಕಂಟ್ರೋಲ್ ಜೊತೆಗೆ ಚ ಬಂದರೆ ಕೈ ಕಟ್ಟಿ ಕೂರುತ್ತವೆ. ಬರೆದವನ ಮೇಜಿನ ಮೇಲೆ ಒಂದೇ ಲಿಪಿ ಇತ್ತು, ಅಷ್ಟೇ ಕತೆ. ರಷ್ಯನ್ನರಿಗೂ ಗ್ರೀಕರಿಗೂ ಇದೇ ತೊಂದರೆ. ಅವರು ತಮ್ಮ ಲಿಪಿ ತೆಗೆದುಹಾಕಲಿಲ್ಲ, ದೂರು ಬರೆದರು.

ಹಾಗಾದರೆ ಹುಡುಕುವುದು ಹೇಗೆ? ಮೊದಲು ವಿನ್ಯಾಸವನ್ನು ಇಂಗ್ಲಿಷಿಗೆ ಬದಲಿಸಿ ಅದೇ ಕೀಲಿ ಒತ್ತಿ. ನಡೆದರೆ ಗುಟ್ಟು ವಿನ್ಯಾಸದಲ್ಲಿದೆ. ಆಗಲೂ ನಡೆಯದಿದ್ದರೆ ಕನ್ನಡಕ್ಕೂ ಅದಕ್ಕೂ ಸಂಬಂಧವೇ ಇಲ್ಲ, ನೀವು ಕಟ್ಟಿದ್ದರಲ್ಲಿ ಏನೋ ಬಿಟ್ಟುಹೋಗಿದೆ ಅಥವಾ ಬೇರೆ ಯಾವುದೋ ತಂತ್ರಾಂಶ ನಡುವೆಯೇ ಕೀಲಿಯನ್ನು ಕಸಿದುಕೊಳ್ಳುತ್ತಿದೆ.

ಎಕ್ಸ್ ಇರುವ ಲಿನಕ್ಸಿನಲ್ಲಿ 'ಸೆಟ್‌ಎಕ್ಸ್‌ಕೆಬಿಮ್ಯಾಪ್ ಕ್ವೆರಿ' ಎಂಬ ಆಜ್ಞೆಯಿದೆ. (ಆಜ್ಞೆಯನ್ನು ಕನ್ನಡದಲ್ಲಿ ಬರೆದರೆ ಗಣಕ ಇನ್ನೂ ಕೇಳುವುದಿಲ್ಲ. ಆ ಜಗಳ ಇನ್ನೊಂದು ದಿನಕ್ಕಿರಲಿ.) ಯಾವ ಯಾವ ವಿನ್ಯಾಸಗಳಿವೆ ಅಂತ ಅದು ಹೇಳುತ್ತದೆ. ಆ ಹುಡುಗನ ಗಣಕ ತೆರೆಸಿ ನೋಡಿದೆ. ಕನ್ನಡ ಒಂದೇ ಇತ್ತು. ಅಕ್ಷರ ಕನ್ನಡದ್ದಾಗಿದ್ದರೆ ಅದೇ ಕೀಲಿಯಲ್ಲಿ ಲ್ಯಾಟಿನ್ ಅಕ್ಷರವಿರುವ ಇನ್ನೊಂದು ವಿನ್ಯಾಸ ಇದೆಯೇ ಅಂತ ಹುಡುಕುವ ಬುದ್ಧಿ ಹಲವು ತಂತ್ರಾಂಶಗಳಿಗಿದೆ. ಹುಡುಕಲು ಎರಡನೆಯದು ಇರಬೇಕಲ್ಲ? ಇಂಗ್ಲಿಷ್ ಮತ್ತು ಕನ್ನಡ ಎರಡನ್ನೂ ಜೋಡಿಸಿದೆವು. ಕಂಟ್ರೋಲ್ ಎಸ್ ನಡೆಯಿತು, ಕಂಟ್ರೋಲ್ ಸಿ ನಡೆಯಿತು.

ಒಂದು ಮಾತ್ರ ನಡೆಯಲಿಲ್ಲ: ಕಂಟ್ರೋಲ್ ಜೊತೆಗೆ ಚುಕ್ಕೆಯ ಕೀಲಿ. ಇಂಗ್ಲಿಷಿನಲ್ಲೂ ನಡೆಯಲಿಲ್ಲ! ನೋಡಿದರೆ, ಬೇರೆ ಭಾಷೆಗಳನ್ನು ಟೈಪಿಸಲು ನೆರವಾಗುವ ತಂತ್ರಾಂಶ ಅದನ್ನು ಎಮೋಜಿಗಾಗಿ ಕಾದಿರಿಸಿಕೊಂಡಿತ್ತು. ನಗುವ ಮುಖಕ್ಕಾಗಿ ಕೆಲಸ ನಿಂತಿತ್ತು. ಅದರ ಸೆಟ್ಟಿಂಗಿನಲ್ಲಿ ಆ ಕೀಲಿಯನ್ನು ಅಳಿಸಿದೆವು, ಮುಗಿಯಿತು.

ನಿಮ್ಮಲ್ಲಿ ಹೆಚ್ಚಿನವರು ವಿಶುವಲ್ ಸ್ಟುಡಿಯೋ ಕೋಡ್ ಬಳಸುತ್ತೀರಿ. ಅದರ ಮೂಲ 2015ರ ನವೆಂಬರಿನಿಂದ ಎಂಐಟಿ ಪರವಾನಗಿಯಲ್ಲಿ ತೆರೆದಿದೆ. ಲಿನಕ್ಸಿನಲ್ಲಿ ಅದನ್ನು ಕಟ್ಟುವಾಗ ಎಕ್ಸ್‌ಕೆಬಿಫೈಲ್ ಎಂಬ ಲೈಬ್ರರಿಯ ಅಭಿವೃದ್ಧಿ ಕಡತಗಳು ಬೇಕು. ಕೀಲಿಮಣೆಯ ನಕ್ಷೆ ಓದುವ ಘಟಕ ಕಟ್ಟುವುದು ಅದರಿಂದಲೇ. ಗೆಳೆಯನ ಗಣಕದಿಂದ ಪೆನ್‌ಡ್ರೈವಿನಲ್ಲಿ ನೋಡ್ ಮಾಡ್ಯೂಲ್ ಕಡತಕೋಶ ಎತ್ತಿಕೊಂಡು ಬರಬೇಡಿ, ನಿಮ್ಮ ಗಣಕದಲ್ಲೇ ಹೊಸದಾಗಿ ಕಟ್ಟಿ. ಆಜ್ಞೆಗಳ ಪಟ್ಟಿಯಲ್ಲಿ ಶಾರ್ಟ್‌ಕಟ್ ಟ್ರಬಲ್‌ಶೂಟಿಂಗ್ ಅಂತ ಒಂದಿದೆ. ಅದನ್ನು ಹಾಕಿ ಕೀಲಿ ಒತ್ತಿದರೆ ಬಂದ ಸಂಖ್ಯೆ ಯಾವುದು, ಅದಕ್ಕೆ ಯಾವ ಆಜ್ಞೆ ಸಿಕ್ಕಿತು, ಸಿಗಲಿಲ್ಲ ಎಲ್ಲವೂ ಸಾಲುಸಾಲಾಗಿ ಬರುತ್ತದೆ. 'ಕೀಬೋರ್ಡ್ ಡಿಸ್ಪ್ಯಾಚ್' ಎಂಬ ಸೆಟ್ಟಿಂಗನ್ನು 'ಕೀಕೋಡ್' ಅಂತ ಬದಲಿಸಿ ಎಡಿಟರನ್ನು ಮತ್ತೆ ತೆರೆದು ನೋಡಿ.

ಈಮ್ಯಾಕ್ಸ್ ಬಳಸುವವರು ಇದ್ದೀರಾ? ಒಬ್ಬರೇ? ಇರಲಿ. ಅದರೊಳಗೇ ಕನ್ನಡ ಬರೆಯುವ ವಿಧಾನ ಇದೆ, ಕಂಟ್ರೋಲ್ ಜೊತೆಗೆ ಹಿಮ್ಮುಖ ಗೆರೆ ಒತ್ತಿದರೆ ಬರುತ್ತದೆ, ಹೋಗುತ್ತದೆ. ಹೊರಗಿನ ವಿನ್ಯಾಸ ಬದಲಾಗದ ಕಾರಣ ಶಾರ್ಟ್‌ಕಟ್‌ಗಳಿಗೆ ಧಕ್ಕೆಯಿಲ್ಲ. ಅಂದರೆ ಇದು ಆಗದ ಕೆಲಸವಲ್ಲ. ಮಾಡಿದವರು ಮಾಡಿದ್ದಾರೆ.

ನಮ್ಮವರೂ ಮಾಡಿದ್ದಾರೆ. ದಕ್ಷಿಣ ಕನ್ನಡದ ಕಿನ್ನಿಕಂಬಳದ ಕೆ.ಪಿ. ರಾವ್ ಅವರು ನುಡಿಯುವ ಕ್ರಮದಲ್ಲೇ ಬರೆಯುವ ವಿನ್ಯಾಸ ಕೊಟ್ಟರು. 26 ಅಕ್ಷರದ ಮಣೆಯಲ್ಲೇ ಕನ್ನಡವನ್ನೆಲ್ಲ ಕೂರಿಸಿದರು. ಕರ್ನಾಟಕ ಸರ್ಕಾರ ಅದನ್ನೇ ಅಲ್ಪ ಮಾರ್ಪಾಟಿನೊಂದಿಗೆ ಒಪ್ಪಿತು. 1998ರಲ್ಲಿ ಬರಹ ಬಂತು, ಆಮೇಲೆ ಕನ್ನಡ ಗಣಕ ಪರಿಷತ್ತಿನ ನುಡಿ ಬಂತು. ಇವತ್ತು ಲಿನಕ್ಸಿನ ವಿನ್ಯಾಸಗಳ ಪಟ್ಟಿಯಲ್ಲಿ 'ಕಗಪ' ಎಂಬ ಹೆಸರೇ ಇದೆ. ಆ ಕಾಲದಲ್ಲಿ ಅವರಿಗೆ ಯಾವ ಎಡಿಟರಿನ ಮೂಲ ನೋಡಲು ಸಿಗುತ್ತಿತ್ತು? ನಿಮಗೆ ಎಲ್ಲ ತೆರೆದಿಟ್ಟಿದೆ. "ಅವರು ನಮಗಾಗಿ ಮಾಡಿಲ್ಲ" ಅನ್ನುವ ನೆಪ ನಿಮಗಿಲ್ಲ.

ಕೃಷ್ಣೆಯ ನೀರಿಗಾಗಿ ಹೊಲ ಮನೆ ಬಿಟ್ಟುಕೊಟ್ಟವರ ಮಕ್ಕಳು ನಿಮ್ಮಲ್ಲಿದ್ದೀರಿ. ಒಂದು ಕೀಲಿಗಾಗಿ ನುಡಿ ಬಿಟ್ಟುಕೊಡುತ್ತೀರಾ?

ಇಷ್ಟು ಮಾಡಿಯೂ ಕೀಲಿ ನಡೆಯದಿದ್ದರೆ ಎಡಿಟರ್ ಕಟ್ಟುವವರಿಗೆ ದೂರು ಬರೆಯಿರಿ. ಕನ್ನಡ ಸರಿಯಿಲ್ಲ ಅಂತ ಬರೆಯಬೇಡಿ, ಅವರಿಗೆ ತಲೆಬುಡ ತಿಳಿಯುವುದಿಲ್ಲ. ವಿನ್ಯಾಸ ಕಗಪ, ಒತ್ತಿದ್ದು ಕಂಟ್ರೋಲ್ ಜೊತೆ 54, ಬಂದದ್ದು ಚ, ಆಗಬೇಕಿದ್ದದ್ದು ನಕಲು, ಆದದ್ದು ಏನೂ ಇಲ್ಲ, ಕಟ್ಟಿದ್ದು ಇಂಥ ಆವೃತ್ತಿಯಿಂದ ಅಂತ ಬರೆಯಿರಿ. ತಿದ್ದುವುದು ಗೊತ್ತಿದ್ದರೆ ತಿದ್ದಿದ ಸಾಲನ್ನೂ ಕಳಿಸಿ. ಆ ಹುಡುಗ ಹಿಂದಿನ ಸಾಲಿನಲ್ಲಿ ಕೂತಿದ್ದಾನೆ. ಗಣಕ ತೆರೆದೇ ಇದೆ. ನೋಡಬೇಕೆನ್ನುವವರು ಅವನ ಹತ್ತಿರ ಹೋಗಿ, ಚಹಾ ಇನ್ನೂ ಉಳಿದಿದೆ.