ಚೀಟಿಯ ಲೆಕ್ಕ, ಚೀಲದ ತೂಕ



"ಬೆಂಗಳೂರಲ್ಲಿ ನಿನ್ನ ಕೆಲಸ ಏನಪ್ಪ?" ಎಂದು ಊರಿಗೆ ಬಂದಾಗಲೆಲ್ಲ ಕೇಳುತ್ತೀರಿ. ಉಗ್ರಾಣದ ಬಾಗಿಲು ಕಾಯುವುದು ಅಂದುಕೊಳ್ಳಿ. ಹಲವು ಕಂಪ್ಯೂಟರುಗಳು ತಮ್ಮ ಕಡತಗಳನ್ನು ಒಂದೇ ಸರ್ವರಿನಲ್ಲಿ ಇಡುತ್ತವೆ. 'ಇದನ್ನು ಬರೆದಿಡು' ಎಂಬ ಕೋರಿಕೆಯ ಜೊತೆ ಎಷ್ಟು ಬೈಟ್ ಇದೆ ಎಂಬ ಲೆಕ್ಕವೂ ಬರುತ್ತದೆ, ಅಡಿಕೆ ಚೀಲಕ್ಕೆ ತೂಕದ ಚೀಟಿ ಕಟ್ಟಿದ ಹಾಗೆ. 1995ರ ಎನ್‌ಎಫ್‌ಎಸ್ ಮೂರನೇ ಆವೃತ್ತಿಯಲ್ಲಂತೂ ಆ ಲೆಕ್ಕ ಎರಡು ಸಲ ಇರುತ್ತದೆ, ಎರಡೂ ಹೊಂದಬೇಕು. ಎರಡೂ ಒಂದೇ ಸುಳ್ಳು ಹೇಳಿದರೆ? ಚೀಟಿಯಲ್ಲಿ 4000, ಬಂದದ್ದು ಬರೀ 100. ನಂಬಿದ ಸರ್ವರ್ ಉಳಿದದ್ದನ್ನು ಪಕ್ಕದ ಮೆಮೊರಿಯಿಂದ ತೆಗೆದು ತುಂಬಿಬಿಡಬಹುದು. ಅದು ಬೇರೆಯವರ ಗುಟ್ಟಾಗಿರಬಹುದು. 2017ರಲ್ಲಿ ಲಿನಕ್ಸ್‌ನ ಎನ್‌ಎಫ್‌ಎಸ್ ಸರ್ವರಿನಲ್ಲೇ ಇಂಥ ತಪಾಸಣೆಯ ಕೊರತೆ ಕಂಡು ತಿದ್ದಿದರು.

ನಾನೂ ಒಮ್ಮೆ ಆ ತಪಾಸಣೆಯ ಸಾಲು ಬಿಟ್ಟಿದ್ದೆ. ಪರೀಕ್ಷೆಗಳೆಲ್ಲ ಪಾಸು, ನಾನು ಕಳಿಸಿದ ಚೀಟಿಗಳೆಲ್ಲ ಸತ್ಯವನ್ನೇ ಹೇಳುತ್ತಿದ್ದವಲ್ಲ! ಸಹೋದ್ಯೋಗಿಯೊಬ್ಬರು ಸುಳ್ಳು ಚೀಟಿ ಕಳಿಸಿ, ಬರೆದದ್ದನ್ನು ಓದಿದರೆ ಇನ್ನಾರದೋ ಕಡತದ ತುಣುಕು. ಪುಣ್ಯಕ್ಕೆ ಅದಿನ್ನೂ ಗ್ರಾಹಕರ ಕೈ ಸೇರಿರಲಿಲ್ಲ. "ತಾಳೆ ನೋಡಿದೆಯೇನೋ?" ಎನ್ನುತ್ತಿದ್ದ ನಮ್ಮ ಗಣಿತದ ಮೇಷ್ಟ್ರು ಆ ರಾತ್ರಿಯೆಲ್ಲ ನೆನಪಾದರು. ಈಗ ಬಂದ ಬೈಟುಗಳನ್ನು ಮೊದಲು ಎಣಿಸುತ್ತೇನೆ, ಆಮೇಲೆ ಚೀಟಿ ಓದುತ್ತೇನೆ. ಹೊಂದದಿದ್ದರೆ ಒಂದಕ್ಷರವನ್ನೂ ಬರೆಯದೆ ಕೋರಿಕೆ ವಾಪಸ್.