ಕಡಿಮೆ ಖರ್ಚಿನಲ್ಲಿ ಕಡಲ ನಗರ: ವಿದ್ಯಾರ್ಥಿಗಳ ಚಳಿಗಾಲದ ಪ್ರವಾಸ

(ಖರಾಡಿಯ ನಮ್ಮ ಉಚಿತ ವಾಚನಾಲಯದ ರವಿವಾರದ ಕೂಟದಲ್ಲಿ ಮಾಡಿದ ಭಾಷಣ)



ಈ ದಿನ ನಾಲ್ಕು ಮಾತು ಆಡಬೇಕೆಂದು ವಾಚನಾಲಯದ ಕಾರ್ಯದರ್ಶಿಗಳು ಅಪ್ಪಣೆ ಮಾಡಿದ್ದಾರೆ. ನಾವು ವಿದ್ವಾಂಸರಲ್ಲ, ಗಿರಣಿಯಲ್ಲಿ ಜಮಾಖರ್ಚು ಬರೆಯುವವರು. ಆದುದರಿಂದ ದೊಡ್ಡ ವಿಷಯಕ್ಕೆ ಕೈ ಹಾಕದೆ, ಲೆಕ್ಕಕ್ಕೆ ಸಿಗುವ ಒಂದು ವಿಷಯವನ್ನೇ ಎತ್ತಿಕೊಂಡಿದ್ದೇವೆ. ಚಳಿಗಾಲದ ರಜೆಯಲ್ಲಿ ನಮ್ಮಂಥವರ ಮನೆಯ ವಿದ್ಯಾರ್ಥಿಯೊಬ್ಬನು ಸ್ವಲ್ಪ ಹಣದಲ್ಲಿ ಮುಂಬಯಿಗೆ ಹೋಗಿ ಕಡಲನ್ನೂ ನಗರವನ್ನೂ ನೋಡಿ ಬರಬಹುದೇ? ಹೋಗುವುದು ಉಚಿತವೇ? ಹೋದರೆ ನೋಡತಕ್ಕದ್ದೇನು? ಇಷ್ಟೇ ಇಂದಿನ ಮಾತು.

ಡಿಸೆಂಬರ್ ಬಂದಿತೆಂದರೆ ನಮ್ಮ ಮನೆಗಳಲ್ಲಿ ಒಂದು ಸಣ್ಣ ಜಗಳ ಏಳುತ್ತದೆ. ಕಾಲೇಜಿನ ಗೆಳೆಯರು ಗೋವೆಗೆ ಹೊರಟಿದ್ದಾರೆ, ನಾನೂ ಹೋಗುತ್ತೇನೆ ಎಂದು ಮಗ ಹೇಳುತ್ತಾನೆ. ಪಗಾರದಲ್ಲಿ ಊರಿಗೆ ಕಳಿಸುವುದು, ಖೋಲಿಯ ಬಾಡಿಗೆ, ಶಾಲೆಯ ಫೀಜು ಇಷ್ಟನ್ನು ಕಳೆದರೆ ಉಳಿಯುವುದೇನೆಂದು ತಂದೆ ಕೇಳುತ್ತಾನೆ. ಇಬ್ಬರ ಮಾತೂ ಸುಳ್ಳಲ್ಲ. ಆದರೆ ಜಗಳ ಮುಗಿಯುವ ಬಗೆ ಎರಡು. ಒಂದು, ಹುಡುಗ ಮುಖ ಸಣ್ಣದು ಮಾಡಿಕೊಂಡು ಮನೆಯಲ್ಲಿ ಕೂಡುವುದು. ಇನ್ನೊಂದು, ತಂದೆಗೆ ತಿಳಿಸದೆ ಮೊಬೈಲಿನಲ್ಲಿ ಐದು ನಿಮಿಷಕ್ಕೆ ಸಿಗುವ ಸಾಲ ಎತ್ತಿ ಹೋಗುವುದು. ಈ ಎರಡನೆಯದು ಎಷ್ಟು ಮನೆಗಳನ್ನು ಅಳಿಸಿದೆಯೆಂಬುದನ್ನು ಪತ್ರಿಕೆ ಓದುವವರೆಲ್ಲರೂ ಬಲ್ಲರು. ಮೂರು ದಿನದ ಮೋಜಿಗೆ ತಂದ ಹಣ ಬಡ್ಡಿ ಬೆಳೆದು ನಿಲ್ಲುತ್ತದೆ. ಆಮೇಲೆ ವಸೂಲಿಯವರ ಬೆದರಿಕೆ ನಂಟರಿಷ್ಟರ ತನಕ ಹೋಗುತ್ತದೆ.

ಆದುದರಿಂದ ನಮ್ಮ ಅಭಿಪ್ರಾಯವನ್ನು ಮೊದಲೇ ಹೇಳಿಬಿಡುತ್ತೇವೆ. "ಬೇಡ" ಎಂಬ ಒಂದೇ ಮಾತಿನಿಂದ ಮಕ್ಕಳನ್ನು ತಡೆಯಲಾಗದು, ತಡೆಯಲೂ ಬಾರದು. ದೇಶ ಸುತ್ತು, ಕೋಶ ಓದು ಎಂದು ನಮ್ಮ ಹಿರಿಯರು ಎರಡನ್ನೂ ಒಟ್ಟಿಗೇ ಹೇಳಿದ್ದಾರೆ. ಕೋಶಕ್ಕೆ ಈ ವಾಚನಾಲಯ ಉಂಟು. ದೇಶಕ್ಕೆ ದಾರಿ ತೋರಿಸುವುದೂ ನಮ್ಮ ಕೆಲಸವೇ. ಹಾಸಿಗೆ ಇದ್ದಷ್ಟು ಕಾಲು ಚಾಚಿದರೆ ಸಾಲವಿಲ್ಲದೆಯೇ ಹೋಗಿ ಬರಬಹುದು.

ಮುಂಬಯಿಯೇ ಏಕೆಂದರೆ, ಹತ್ತಿರ. ಪುಣೆಯಿಂದ ರೈಲಿನಲ್ಲಿ 192 ಕಿಲೋಮೀಟರು. ಬೆಳಿಗ್ಗೆ ಹೊರಟು ರಾತ್ರಿಗೆ ಮನೆ ಸೇರಬಹುದು. ಪ್ರವಾಸದಲ್ಲಿ ಹಣ ತಿನ್ನುವುದು ರಾತ್ರಿಯ ವಸತಿ. ಅದನ್ನು ತಪ್ಪಿಸಿದರೆ ಅರ್ಧ ಲೆಕ್ಕ ಗೆದ್ದಂತೆ. ಚಳಿಗಾಲವೇ ಏಕೆಂದರೆ, ಮಳೆಗಾಲದಲ್ಲಿ ಕಡಲು ಒರಟು, ಬೇಸಗೆಯಲ್ಲಿ ಬೆವರು. ನೀರು ನೆಲದಂತೆ ಬೇಗ ಕಾಯುವುದಿಲ್ಲ, ಬೇಗ ಆರುವುದೂ ಇಲ್ಲ. ಹೀಗಾಗಿ ಸಮುದ್ರ ಮಟ್ಟದಿಂದ ಸುಮಾರು 560 ಮೀಟರು ಎತ್ತರದ ಪುಣೆಯಲ್ಲಿ ಬೆಳಗಿನ ಜಾವ ಹಲ್ಲು ಕಟಕಟಿಸುವಾಗ ಮುಂಬಯಿಯಲ್ಲಿ ಒಂದು ಅಂಗಿ ಸಾಕಾಗುತ್ತದೆ. ಕಂಬಳಿ, ಕೋಟಿನ ಹೊರೆ ಬೇಡ. ದಿನವಿಡೀ ನಡೆದರೂ ದಣಿವು ಕಡಿಮೆ. ನಡೆದಷ್ಟೂ ರಿಕ್ಷಾದ ಹಣ ಉಳಿಯುತ್ತದೆ.

ಇನ್ನು ದಾರಿ. ಖರಾಡಿಯಿಂದ ಪುಣೆ ಸ್ಟೇಶನ್ನಿಗೆ ಸಿಟಿ ಬಸ್ಸು ಉಂಟು. 2024ರ ಮಾರ್ಚಿನಲ್ಲಿ ಮೆಟ್ರೋ ರಾಮವಾಡಿಯವರೆಗೆ ಬಂದ ಮೇಲೆ ಆ ದಾರಿಯೂ ಆಯಿತು. ಎಕ್ಸ್‌ಪ್ರೆಸ್ ಗಾಡಿಯ ಎರಡನೆಯ ದರ್ಜೆಯ ಟಿಕೆಟ್ಟು ಬಸ್ಸಿಗಿಂತ ಅಗ್ಗ. ವಿದ್ಯಾರ್ಥಿಗಳಿಗೆ ರೈಲಿನಲ್ಲಿ ರಿಯಾಯಿತಿ ಇದೆಯೆಂದು ಕೆಲವರು ಕೇಳಿರಬಹುದು. ಅದು ರಜೆಯಲ್ಲಿ ಊರಿಗೆ ಹೋಗುವುದಕ್ಕೆ ಮತ್ತು ಶಾಲೆಯ ಮುಖ್ಯಸ್ಥರ ಪತ್ರದೊಡನೆ ಶೈಕ್ಷಣಿಕ ಪ್ರವಾಸ ಹೋಗುವುದಕ್ಕೆ. ಸ್ವಂತ ತಿರುಗಾಟದ ಲೆಕ್ಕದಲ್ಲಿ ಅದನ್ನು ಹಿಡಿಯಬೇಡಿರಿ.

ಲೋಣಾವಳೆ ದಾಟಿದ ಮೇಲೆ ಯಾರೂ ನಿದ್ದೆ ಮಾಡಬಾರದು. ಅಲ್ಲಿಂದ ಗಾಡಿ ಬೋರ್ ಘಾಟಿನಲ್ಲಿ ಇಳಿಯುತ್ತದೆ. 37 ಅಡಿ ಮುಂದೆ ಹೋದರೆ 1 ಅಡಿ ಇಳಿಜಾರು. ರೈಲಿನ ಮಟ್ಟಿಗೆ ಇದು ಬಹಳ ಕಡಿದು. ಈ ದಾರಿ ತೆರೆದದ್ದು 1863ರಲ್ಲಿ. ಅದನ್ನು ಕಡಿಯುವಾಗ ಕಾಲರಾ, ಜ್ವರ, ಅಪಘಾತಗಳಿಂದ ಸಾವಿರಾರು ಕೂಲಿಕಾರರು ಸತ್ತರು. ಅವರ ಹೆಸರು ಯಾವ ಕಲ್ಲಿನ ಮೇಲೂ ಬರೆದಿಲ್ಲ. ದುಡಿಯುವವರ ಮಕ್ಕಳು ಆ ಸುರಂಗಗಳನ್ನು ಹಾಯುವಾಗ ಅವರನ್ನೊಮ್ಮೆ ನೆನೆಯುವುದು ಒಳ್ಳೆಯದು. ಹಿಂತಿರುಗಿ ಬರುವಾಗ ಕರ್ಜತ್ತಿನಲ್ಲಿ ಹಲವು ಗಾಡಿಗಳ ಬೆನ್ನಿಗೆ ಬೇರೆ ಇಂಜಿನುಗಳನ್ನು ಹಚ್ಚಿ ಮೇಲಕ್ಕೆ ನೂಕಿಸುತ್ತಾರೆ, ಅದನ್ನೂ ನೋಡಿರಿ.

ಇದೇ ಘಾಟು ನೀರಿನ ಗಡಿಯೂ ಹೌದು. ನಮ್ಮ ಖರಾಡಿಯ ಪಕ್ಕದ ಮುಳಾ-ಮುಠಾ ನದಿ ಪೂರ್ವಕ್ಕೆ ಹರಿದು ಭೀಮೆಯನ್ನು ಕೂಡುತ್ತದೆ. ಭೀಮೆ ಪಂಢರಪುರ ದಾಟಿ, ವಿಜಯಪುರ, ಕಲಬುರ್ಗಿ, ಯಾದಗಿರಿ ಜಿಲ್ಲೆಗಳ ಹೊಲಗಳಿಗೆ ನೀರುಣಿಸಿ, ಕೃಷ್ಣೆಯೊಡನೆ ಬಂಗಾಳ ಕೊಲ್ಲಿಗೆ ಹೋಗುತ್ತದೆ. ಅಂದರೆ ಇಲ್ಲಿ ಬಿದ್ದ ಮಳೆ ನಮ್ಮಲ್ಲಿ ಅನೇಕರ ತವರೂರಿಗೆ ಹೋಗುತ್ತದೆ. ಘಾಟಿನ ಆಚೆ ಬಿದ್ದ ಮಳೆಯೋ ಉಲ್ಹಾಸ ಮೊದಲಾದ ನದಿಗಳಲ್ಲಿ ಇಳಿದು ಸ್ವಲ್ಪದರಲ್ಲೇ ಅರಬ್ಬೀ ಸಮುದ್ರ ಸೇರುತ್ತದೆ. ಭೂಗೋಲದ ಪುಸ್ತಕದಲ್ಲಿ ಬಾಯಿಪಾಠ ಮಾಡಿದ ಜಲವಿಭಾಜಕವೆಂಬ ಮಾತು ಕಿಟಕಿಯಲ್ಲಿ ಕಣ್ಣಿಗೆ ಕಾಣುತ್ತದೆ.

ಮುಂಬಯಿಯಲ್ಲಿ ಒಂದು ದಿನಕ್ಕೆ ಒಂದೇ ದಿಕ್ಕು ಹಿಡಿಯಬೇಕು. ಎಲ್ಲವನ್ನೂ ನೋಡುತ್ತೇನೆಂದು ಓಡಿದವನು ಏನನ್ನೂ ನೋಡುವುದಿಲ್ಲ. ಇಳಿಯುವ ನಿಲ್ದಾಣವೇ ಮೊದಲ ನೋಟ. 1887ರಲ್ಲಿ ವಿಕ್ಟೋರಿಯಾ ಟರ್ಮಿನಸ್ ಎಂದು ಹೆಸರು ಪಡೆದು, ಈಗ ಛತ್ರಪತಿ ಶಿವಾಜಿ ಮಹಾರಾಜರ ಹೆಸರಿನಲ್ಲಿರುವ ಆ ಕಟ್ಟಡ 2004ರಿಂದ ವಿಶ್ವ ಪರಂಪರೆಯ ಪಟ್ಟಿಯಲ್ಲಿದೆ. ಹೊರಗೆ ನಿಂತು ಅದರ ಕಲ್ಲಿನ ಪ್ರಾಣಿಪಕ್ಷಿಗಳನ್ನು ನೋಡಲು ಕಾಸು ಬೇಡ. ಅಲ್ಲಿಂದ ದಕ್ಷಿಣಕ್ಕೆ ಅರ್ಧ ಗಂಟೆ ನಡೆದರೆ, 1922ರಲ್ಲಿ ಜನರಿಗೆ ತೆರೆದ ದೊಡ್ಡ ವಸ್ತುಸಂಗ್ರಹಾಲಯ. ಹಣ ಕೊಟ್ಟು ಒಳಗೆ ಹೋಗಬೇಕಾದ ಸ್ಥಳ ಒಂದೇ ಆದರೆ ಅದು ಇದಾಗಲಿ. ಗುರುತಿನ ಚೀಟಿ ಮರೆಯಬೇಡಿರಿ. ವಿದ್ಯಾರ್ಥಿಗಳಿಗೆ ದರ ಕಡಿಮೆ. ಅಲ್ಲಿ ನಮ್ಮ ಬಾಗಲಕೋಟೆ ಜಿಲ್ಲೆಯ ಐಹೊಳೆಯಿಂದ ಬಂದ ಚಾಲುಕ್ಯರ ಕಾಲದ ಶಿಲ್ಪಗಳಿವೆ. ಕೂಲಿಗೆ ಬಂದ ಕನ್ನಡಿಗರ ಮಗುವೊಂದು ಅಷ್ಟು ದೊಡ್ಡ ಮಹಾಲಿನಲ್ಲಿ ತನ್ನ ಸೀಮೆಯ ಕಲ್ಲನ್ನು ಜಗತ್ತಿನ ಜನ ನಿಂತು ನೋಡುವುದನ್ನು ಕಂಡರೆ, ಆ ಮಗುವಿನ ಬೆನ್ನು ತಾನಾಗಿ ನೆಟ್ಟಗಾಗುವುದೆಂದು ನಮ್ಮ ನಂಬಿಕೆ.

ಅಲ್ಲಿಂದ ಹತ್ತು ನಿಮಿಷಕ್ಕೆ ಗೇಟ್‌ವೇ. 1924ರಲ್ಲಿ ಮುಗಿದ ಈ ಬಾಗಿಲು ಇಂಗ್ಲಿಷ್ ದೊರೆಯ ಬರವಿನ ನೆನಪಿಗೆ ಕಟ್ಟಿದ್ದು. 1948ರ ಫೆಬ್ರವರಿ 28ರಂದು ಕೊನೆಯ ಬ್ರಿಟಿಷ್ ಪಡೆ ಇದೇ ಬಾಗಿಲಿನಿಂದ ಹೊರಟುಹೋಯಿತು. ಇದು ಪೂರ್ವದ ಬಂದರಿನ ಕಡೆಗಿದೆ. ಸೂರ್ಯಾಸ್ತ ನೋಡಬೇಕಾದರೆ ಪಶ್ಚಿಮದ ಮರೀನ್ ಡ್ರೈವಿಗೆ ನಡೆಯಬೇಕು. ಡಿಸೆಂಬರಿನಲ್ಲಿ ಆರು ಗಂಟೆಯ ಸುಮಾರಿಗೆ ಸೂರ್ಯ ನೀರಿಗಿಳಿಯುತ್ತಾನೆ. ಕಟ್ಟೆಯ ಮೇಲೆ ಕೂಡಲು ಬಾಡಿಗೆಯಿಲ್ಲ. ಲಕ್ಷಾಧಿಪತಿಗೂ ಹಮಾಲನಿಗೂ ಅಲ್ಲಿ ಒಂದೇ ಕಟ್ಟೆ. ಬಳಿಕ ಲೋಕಲ್ ಹಿಡಿದು ದಾದರಿಗೆ ಬಂದರೆ ಪುಣೆಗೆ ಬಸ್ಸುಗಳು ಸಿಗುತ್ತವೆ.

ಇನ್ನೊಂದು ವರ್ಷಕ್ಕೆ, ಅಥವಾ ಅಲ್ಲಿ ನಂಟರಿದ್ದು ಎರಡನೆಯ ದಿನ ಸಿಕ್ಕರೆ, ಘಾರಾಪುರಿಗೆ ಹೋಗಿರಿ. ಎಲಿಫಂಟಾ ಎಂದರೂ ಅದೇ. ಗೇಟ್‌ವೇಯಿಂದ ದೋಣಿಯಲ್ಲಿ ಸುಮಾರು ಒಂದು ಗಂಟೆ. ಸೋಮವಾರ ಗವಿಗಳು ಮುಚ್ಚಿರುತ್ತವೆ. 15 ವರ್ಷದೊಳಗಿನವರಿಗೆ ಗವಿಯ ಪ್ರವೇಶ ಬಿಟ್ಟಿ. ದೋಣಿಯ ದರವೇ ಮುಖ್ಯ ಖರ್ಚು. ಸುಮಾರು 20 ಅಡಿ ಎತ್ತರದ ಮೂರು ಮುಖದ ಶಿವನನ್ನು ನೋಡಿದವರು ಮರೆಯುವುದಿಲ್ಲ. ಇದರಲ್ಲಿಯೂ ನಮಗೊಂದು ನಂಟಿದೆ. 634ರ ಐಹೊಳೆಯ ಶಾಸನದಲ್ಲಿ ರವಿಕೀರ್ತಿಯು, ಇಮ್ಮಡಿ ಪುಲಿಕೇಶಿ ಕೊಂಕಣದ ಮೌರ್ಯರನ್ನು ಸೋಲಿಸಿ, ನೂರಾರು ಹಡಗುಗಳಿಂದ ಪುರಿಯೆಂಬ ಪಶ್ಚಿಮ ಕಡಲ ಪಟ್ಟಣವನ್ನು ಮುತ್ತಿದನೆಂದು ಹೇಳಿದ್ದಾನೆ. ಆ ಪುರಿ ಈ ಘಾರಾಪುರಿಯೇ ಎಂದು ಕೆಲವು ವಿದ್ವಾಂಸರ ಮತ.

ಅದೂ ಬೇಡವಾದರೆ ಮಾಟುಂಗಾಕ್ಕೆ ಹೋಗಿರಿ. ಇಪ್ಪತ್ತನೆಯ ಶತಮಾನದಲ್ಲಿ ಕನ್ನಡ ಜಿಲ್ಲೆಗಳಿಂದ, ಅದರಲ್ಲೂ ಕರಾವಳಿಯಿಂದ, ಸಾವಿರಾರು ಹುಡುಗರು ಮುಂಬಯಿಗೆ ಬಂದು ಹೋಟೆಲುಗಳಲ್ಲಿ ತಟ್ಟೆ ತೊಳೆದರು. ಹಗಲು ದುಡಿದು, ರಾತ್ರಿ ಕನ್ನಡ ರಾತ್ರಿಶಾಲೆಗಳಲ್ಲಿ ಓದಿ, ಎಷ್ಟೋ ಮಂದಿ ಗುಮಾಸ್ತರೂ ಶಿಕ್ಷಕರೂ ವಕೀಲರೂ ಆದರು. ಮಾಟುಂಗಾ ಸ್ಟೇಶನ್ನಿನ ಬಳಿ 1942ರಿಂದ ನಡೆದುಬಂದ ರಾಮ ನಾಯಕರ ಉಡುಪಿ ಶ್ರೀಕೃಷ್ಣ ಬೋರ್ಡಿಂಗಿನಲ್ಲಿ ಬಾಳೆಲೆಯ ಊಟ ಉಂಟು. 1926ರಲ್ಲಿ ಹುಟ್ಟಿದ ಮೈಸೂರು ಅಸೋಸಿಯೇಶನ್ ಸಹ ಆ ಪೇಟೆಯಲ್ಲೇ ಇದೆ. ದಾದರಿನ ದಕ್ಷಿಣಕ್ಕೆ ಪರೇಲ, ಲಾಲಬಾಗಗಳ ಗಿರಣಗಾಂವ್. 1982ರ ಜನವರಿ 18ರಂದು ದತ್ತಾ ಸಾಮಂತರ ಮುಂದಾಳುತನದಲ್ಲಿ ಸುಮಾರು ಎರಡೂವರೆ ಲಕ್ಷ ಗಿರಣಿ ಕಾರ್ಮಿಕರು ಮುಷ್ಕರ ಹೂಡಿದರು. ಆ ಬಳಿಕ ಬಹುತೇಕ ಗಿರಣಿಗಳು ಮತ್ತೆ ಚೇತರಿಸಿಕೊಳ್ಳಲಿಲ್ಲ. ಆ ನೆಲದಲ್ಲೀಗ ಗಾಜಿನ ಗೋಪುರಗಳಿವೆ. ನಡುವೆ ಒಂದೊಂದು ಹಳೆಯ ಚಿಮಣಿ ಕಂಡರೆ, ಅದೇನೆಂದು ಕಿರಿಯರಿಗೆ ತಿಳಿದಿರಬೇಕು.

ಹಣದ ಮಾತು ಸಂಕ್ಷೇಪವಾಗಿ. ಲೋಕಲ್ ಗಾಡಿಯ ಎರಡನೆಯ ದರ್ಜೆಯ ಕನಿಷ್ಠ ದರ 5 ರೂಪಾಯಿ. ಬೆಸ್ಟ್ ಬಸ್ಸಿನದು 2025ರ ಮೇ ತಿಂಗಳಲ್ಲಿ 5ರಿಂದ 10ಕ್ಕೆ ಏರಿತು. ಹೊರಡುವ ಮುನ್ನ ದರಗಳನ್ನು ವಿಚಾರಿಸಿ ಒಂದು ಹಾಳೆಯಲ್ಲಿ ಬರೆಯಿರಿ. ಒಟ್ಟಿನ ಮೇಲೆ ನಾಲ್ಕರಲ್ಲೊಂದು ಪಾಲು ಬೇರೆ ಕಿಸೆಯಲ್ಲಿಡಿರಿ. ಗಾಡಿ ತಪ್ಪಿದರೆ ಅದೇ ಬಂಧು. ಮಧ್ಯಾಹ್ನಕ್ಕೆ ಬುತ್ತಿ ಕಟ್ಟಿಕೊಳ್ಳಿರಿ. ಕಟಕ ರೊಟ್ಟಿ, ಶೇಂಗಾ ಹಿಂಡಿ ಚಳಿಗಾಲದಲ್ಲಿ ಎರಡು ದಿನವಾದರೂ ಕೆಡುವುದಿಲ್ಲ. ನಂಟರ ಮನೆಯಲ್ಲಿ ತಂಗುವುದಾದರೆ ಮೊದಲು ಕೇಳಿ ಹೋಗಿರಿ. ಅವರದೂ ಹತ್ತು ಅಡಿಯ ಖೋಲಿಯೇ ಇರಬಹುದು. ಕೈಯಲ್ಲಿ ಒಂದಿಷ್ಟು ಜೋಳದ ಹಿಟ್ಟನ್ನೋ ಹಣ್ಣನ್ನೋ ಒಯ್ಯಿರಿ. ಖರ್ಚಿನ ಹಣವನ್ನು ದೀಪಾವಳಿಯಿಂದಲೇ ವಾರವಾರಕ್ಕೆ ಕೂಡಿಸಿದರೆ ಯಾರ ಮುಂದೆಯೂ ಕೈಯೊಡ್ಡಬೇಕಿಲ್ಲ.

ಆದರೆ ಜೀವದ ವಿಷಯದಲ್ಲಿ ಉಳಿತಾಯವಿಲ್ಲ. 2024ರ ಡಿಸೆಂಬರ್ 18ರಂದು ಘಾರಾಪುರಿಗೆ ಹೊರಟಿದ್ದ ದೋಣಿಗೆ ನೌಕಾದಳದ ವೇಗದ ದೋಣಿ ಬಡಿದು ಹತ್ತಕ್ಕೂ ಹೆಚ್ಚು ಜನ ತೀರಿಕೊಂಡರು. ತೇಲುವ ಜಾಕೆಟು ತೊಡದೆ ಕೂಡಬೇಡಿರಿ. ಕೊಡದಿದ್ದರೆ ಕೇಳಿ ಪಡೆಯಿರಿ. ಕಡಲು ದಿನಕ್ಕೆ ಎರಡು ಸಲ ಏರಿ ಇಳಿಯುತ್ತದೆ; ಹುಣ್ಣಿಮೆ, ಅಮಾವಾಸ್ಯೆಗಳ ಹೊತ್ತಿಗೆ ಹೆಚ್ಚು. ಹಾಜಿ ಅಲಿ ದರ್ಗಾದ ದಾರಿಯೇ ಭರತದಲ್ಲಿ ಮುಳುಗುತ್ತದೆ. ಫೋಟೋಕ್ಕಾಗಿ ಬಂಡೆಗಳ ಮೇಲೆ ಇಳಿಯುವುದೂ, ಲೋಕಲಿನ ಬಾಗಿಲಲ್ಲಿ ಜೋತಾಡುವುದೂ ಬೇಡವೇ ಬೇಡ.

ಹೆಣ್ಣುಮಕ್ಕಳ ಮಾತು ಬಂದರೆ ನಮ್ಮಲ್ಲಿ ಅನೇಕರು ಸುಮ್ಮನಾಗುತ್ತಾರೆ. ಅಣ್ಣನಿಗೆ ಕಡಲು, ತಂಗಿಗೆ ಬುತ್ತಿ ಕಟ್ಟುವ ಕೆಲಸ ಎಂದರೆ ನ್ಯಾಯವೇ? ಮಾಟುಂಗಾ ಸ್ಟೇಶನ್ನನ್ನು 2017ರಿಂದ ಹೆಂಗಸರೇ ನಡೆಸಿ ತೋರಿಸಿದರು. ಲೋಕಲಿನಲ್ಲಿ ಹೆಂಗಸರಿಗೆ ಬೇರೆ ಡಬ್ಬಿಗಳಿವೆ. ನಾಲ್ಕೈದು ಹುಡುಗಿಯರನ್ನು ಕೂಡಿಸಿ, ಒಬ್ಬ ಅಕ್ಕನನ್ನೋ ಕಾಕುವನ್ನೋ ಜೊತೆ ಮಾಡಿ ಕಳಿಸಿದರೆ ಆಗದ ಕೆಲಸವಲ್ಲ. ಅಧ್ಯಕ್ಷರು ಒಪ್ಪಿದರೆ ಅಂಥ ತಂಡವನ್ನು ಕಟ್ಟಿ ಕೊಡಲು ಸ್ವಯಂಸೇವಕರಾದ ನಾವು ಸಿದ್ಧರಿದ್ದೇವೆ.

ಕೊನೆಗೆ ಎರಡು ಅರಿಕೆ. ವಿದ್ಯಾರ್ಥಿಗಳು ಹೋಗುವ ಮುನ್ನ ಮುಂಬಯಿಯನ್ನು ಕುರಿತು ಒಂದು ಕನ್ನಡ ಪುಸ್ತಕ ಓದಲಿ. ಯಶವಂತ ಚಿತ್ತಾಲರ 'ಶಿಕಾರಿ' ದೊಡ್ಡವರಿಗೆ. ಜಯಂತ ಕಾಯ್ಕಿಣಿಯವರ 'ತೂಫಾನ್ ಮೇಲ್' ಕಥೆಗಳು ಎಲ್ಲರಿಗೂ. ಇಬ್ಬರೂ ಉತ್ತರ ಕನ್ನಡದಿಂದ ಹೋಗಿ ಆ ನಗರದಲ್ಲಿ ದುಡಿದು ಬರೆದವರು. ಹೋಗಿ ಬಂದ ಮೇಲೆ ಖರ್ಚಿನ ಲೆಕ್ಕವನ್ನೂ, ಕಂಡದ್ದನ್ನೂ ನಾಲ್ಕು ಪುಟ ಕನ್ನಡದಲ್ಲಿ ಬರೆದು ಈ ಕೂಟದಲ್ಲಿ ಓದಲಿ. ಲೆಕ್ಕ ಒಪ್ಪಿಸಿದ ಮಗನನ್ನು ಮುಂದಿನ ಸಲ ತಂದೆ ತಡೆಯುವುದಿಲ್ಲ. ತಂದೆತಾಯಿಗಳಲ್ಲಿ ನಮ್ಮ ಬಿನ್ನಹವೇನೆಂದರೆ, ಈ ಚಳಿಗಾಲದಲ್ಲಿ ಮಗು ಕೇಳುವ ಮೊದಲೇ ನೀವೇ ಈ ಮಾತು ತೆಗೆಯಿರಿ. ನಿಮ್ಮ ಅಪ್ಪಣೆ ಪಡೆದು ಹೋದ ಮಗುವಿಗೆ ಸಾಲದ ಹಂಗೂ ಇಲ್ಲ, ಸುಳ್ಳಿನ ಹಂಗೂ ಇಲ್ಲ.